ಮಣ್ಣಿನಡಿಯ ತುಕ್ಕಿನ ಲೆಕ್ಕ: ಭದ್ರಾವತಿಯ ಬೀಡು, ಟಾರು ಮತ್ತು ಮೈಲುತುತ್ತ

ಇವತ್ತಿನ ಎಪಿಸೋಡ್ ಪೈಪ್ ಬಗ್ಗೆ. ಹೌದು, ಪೈಪೇ. ರಸ್ತೆ ಅಗೆದಾಗ ನಾಲ್ಕು ದಿನ ಕಣ್ಣಿಗೆ ಬಿದ್ದು, ಮಣ್ಣು ಮುಚ್ಚಿದ ಮೇಲೆ ಎಲ್ಲರಿಗೂ ಮರೆತುಹೋಗುವ ಪೈಪ್. ಬೋರಿಂಗ್ ಅನ್ನಿಸಿದ್ರೆ ಒಂದೈದು ನಿಮಿಷ ತಡೀರಿ. ಇದರಲ್ಲಿ ಭದ್ರಾವತಿ ಇದೆ, ಬ್ರಿಟಿಷ್ ನೌಕಾಪಡೆ ಇದೆ, ನಮ್ಮ ಅಡಿಕೆ ತೋಟದ ಮೈಲುತುತ್ತವೂ ಇದೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಎಂಜಿನಿಯರ್ ಥರ ಅಲ್ಲ, ಲೆಕ್ಕದವನ ಥರ ಶುರು ಮಾಡ್ತೀನಿ. ಒಂದು ಕಂಪನಿ ಪೈಪ್‌ಲೈನ್ ಹಾಕಿದರೆ ಅದು ಆಸ್ತಿ. ಆಸ್ತಿ ಅಂದ ಮೇಲೆ ವರ್ಷ ವರ್ಷ ಸವಕಳಿ, ಅಂದರೆ ಡಿಪ್ರಿಸಿಯೇಶನ್, ಬರೆಯಬೇಕು. 2013ರ ಕಂಪನಿ ಕಾಯ್ದೆಯ ಎರಡನೇ ಶೆಡ್ಯೂಲು ತೈಲ ಮತ್ತು ಅನಿಲ ಕಂಪನಿಗಳ ಪೈಪ್‌ಲೈನಿಗೆ 30 ವರ್ಷ ಆಯಸ್ಸು ಕೊಟ್ಟಿದೆ. ಸ್ಟ್ರೇಟ್ ಲೈನ್ ಮೆಥಡ್‌ನಲ್ಲಿ ಬರೆದರೆ ಪ್ರತಿ ವರ್ಷವೂ ಅಷ್ಟೇ ಮೊತ್ತ, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಪುಸ್ತಕದಲ್ಲಿ ಪೈಪ್ ಶಿಸ್ತಾಗಿ, ಎಲ್ಲ ಕಡೆ ಒಂದೇ ಸಮ ಸವೆಯುತ್ತೆ. ಇನ್ನು ಆಡಿಟರು, ಆಸ್ತಿಗಳ ಫಿಸಿಕಲ್ ವೆರಿಫಿಕೇಶನ್ ಆಗಿದೆಯೋ ಇಲ್ಲವೋ ಅಂತ ವರದಿಯಲ್ಲಿ ಹೇಳಬೇಕು. ಕುರ್ಚಿ, ಕಂಪ್ಯೂಟರು, ಲಾರಿ ಎಣಿಸಬಹುದು. ಒಂದೂವರೆ ಮೀಟರ್ ಆಳದಲ್ಲಿ, ಮೈತುಂಬ ಲೇಪನ ಹೊದ್ದು ಮಲಗಿರೋ ನೂರಾರು ಕಿಲೋಮೀಟರ್ ಪೈಪನ್ನ ಹೇಗೆ ವೆರಿಫೈ ಮಾಡ್ತೀರಿ?

ಆ ಪ್ರಶ್ನೆಗೆ ಜಗತ್ತು ಉತ್ತರ ಹುಡುಕಿದ ಚರಿತ್ರೆಯೇ ಈ ಎಪಿಸೋಡ್. ಅದನ್ನು ಹೇಳೋಕೆ ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರ್ ದೂರದ ಊರಿಗಿಂತ ಒಳ್ಳೇ ಜಾಗ ನನಗೆ ಗೊತ್ತಿಲ್ಲ.

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಹೆಸರಿಗೆ ತಕ್ಕ ಹಾಗೆ ಅಲ್ಲಿ ದೊಡ್ಡ ಬೆಂಕಿ ಹೊತ್ತಿದ್ದು 1923ರ ಜನವರಿಯಲ್ಲಿ, ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಶುರುವಾದಾಗ. ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1918ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನಗಿರಿಯ ಕೊನೇ ವರ್ಷ. ಪೂರ್ತಿ ಹೆಸರು ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್. ಹೆಸರಲ್ಲಿ ಮರ ಮೊದಲು, ಕಬ್ಬಿಣ ಆಮೇಲೆ. ಯಾಕಂದ್ರೆ ಹತ್ತಿರದಲ್ಲೆಲ್ಲೂ ಕಲ್ಲಿದ್ದಲು ಇಲ್ಲ. ಮಲೆನಾಡಿನ ಕಾಡಿನ ಮರ ಸುಟ್ಟು ಇದ್ದಿಲು ಮಾಡಿ, ಅದರಲ್ಲೇ ಅದಿರು ಕರಗಿಸಬೇಕಿತ್ತು. ಮರದಿಂದ ಇದ್ದಿಲಿನ ಜೊತೆಗೆ ಮರದ ಸ್ಪಿರಿಟ್ಟು, ಅಸಿಟೇಟು, ಟಾರು ಇವೆಲ್ಲ ಉಪ ಉತ್ಪನ್ನವಾಗಿ ಸಿಗುತ್ತಿದ್ದವು.

ಅದಿರು ಬರುತ್ತಿದ್ದದ್ದು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಹೆಸರನ್ನ ಒಂದ್ಸಲ ಬಿಡಿಸಿ ನೋಡಿ. ಕೆಂಪು ಮಣ್ಣಿನ ಗುಂಡಿ. ಆ ಕೆಂಪು ಅಂದರೆ ಕಬ್ಬಿಣ ಆಮ್ಲಜನಕದ ಜೊತೆ ಕೂಡಿರುವ ಸ್ಥಿತಿ. ತುಕ್ಕು ಅಂದರೂ ಹೆಚ್ಚುಕಮ್ಮಿ ಅದೇ. ಅಂದ್ರೆ ಬೆಟ್ಟದ ತುಕ್ಕನ್ನ ತಂದು, ಕಾಡು ಸುಟ್ಟು, ಆಮ್ಲಜನಕವನ್ನ ಬಲವಂತವಾಗಿ ಕಿತ್ತು ಕಬ್ಬಿಣ ಮಾಡಿದ್ವಿ. ಅದನ್ನ ವಾಪಸ್ ಒದ್ದೆ ಮಣ್ಣಲ್ಲಿ ಹೂತರೆ ಅದು ಮತ್ತೆ ಕೆಮ್ಮಣ್ಣಾಗೋಕೇ ಹೊರಡುತ್ತೆ. ಕಬ್ಬಿಣದ ಸ್ವಭಾವವೇ ಅದು.

ಕಾರ್ಖಾನೆಯ ಮೊದಲ ವರ್ಷಗಳು ಸುಲಭದ್ದಾಗಿರಲಿಲ್ಲ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ವಾಪಸ್ ಕರೆದರು. 1929ರವರೆಗೆ ಅವರು ನೋಡಿಕೊಂಡರು. ಬೀಡನ್ನ ಗಟ್ಟಿ ರೂಪದಲ್ಲೇ ಮಾರಿದರೆ ಹೊರಗಿನ ಮಾರುಕಟ್ಟೆ ಹೇಳಿದ್ದೇ ಬೆಲೆ. ಅದೇ ಬೀಡನ್ನ ಎರಕ ಹೊಯ್ದು ಏನಾದರೂ ವಸ್ತು ಮಾಡಿದರೆ ಬೆಲೆ ಬೇರೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ವ್ಯಾಲ್ಯೂ ಅಡಿಷನ್. ಹಾಗೆ ಭದ್ರಾವತಿಯಲ್ಲಿ ಬಂದ ವಿಭಾಗಗಳಲ್ಲೊಂದು ಪೈಪ್ ಫೌಂಡ್ರಿ. ಊರೂರಿಗೆ ನಲ್ಲಿ ನೀರು ಬರುತ್ತಿದ್ದ ಕಾಲ ಅದು. ಬೆಂಗಳೂರಿಗೆ ಹೆಸರಘಟ್ಟದ ನೀರು 1890ರ ದಶಕದಲ್ಲೇ ಹರಿದಿತ್ತು, ತಿಪ್ಪಗೊಂಡನಹಳ್ಳಿಯ ನೀರು 1933ಕ್ಕೆ ಬಂತು. ಬೀಡು ಕಬ್ಬಿಣದ ಪೈಪಿಗೆ, ಎಂಜಿನಿಯರುಗಳ ಬಾಯಲ್ಲಿ ಸಿ.ಐ. ಪೈಪಿಗೆ, ಗಿರಾಕಿ ಇದ್ದೇ ಇತ್ತು.

ಈ ಸಿ.ಐ. ಪೈಪಿನ ಆಯಸ್ಸಿನ ಬಗ್ಗೆ ದೊಡ್ಡ ದೊಡ್ಡ ಕಥೆಗಳಿವೆ. ಫ್ರಾನ್ಸಿನ ವರ್ಸೈ ಅರಮನೆ ಕಾರಂಜಿಗಳಿಗೆ 17ನೇ ಶತಮಾನದಲ್ಲಿ ಹಾಕಿದ ಬೀಡಿನ ಪೈಪ್‌ಗಳು ಮುನ್ನೂರು ವರ್ಷ ಬಾಳಿದವು ಅಂತ ಪ್ರತಿ ಪೈಪ್ ಕಂಪನಿಯೂ ಹೇಳಿಕೊಳ್ಳುತ್ತೆ. ಸುಳ್ಳಲ್ಲ. ಆದರೆ ಅದು ಗೆದ್ದವರ ಕಥೆ ಮಾತ್ರ. ಸೋತ ಪೈಪ್‌ಗಳ ಕಥೆ ಬೇರೆ. ಈ ಎಪಿಸೋಡಿನ ಮೊದಲ ಗುಟ್ಟು ಅಲ್ಲೇ ಇರೋದು.

ಬೀಡಿನಲ್ಲಿ ಕಬ್ಬಿಣದ ಜೊತೆ ಮೂರು-ನಾಲ್ಕು ಶೇಕಡಾ ಇಂಗಾಲ ಇರುತ್ತೆ. ಹೆಚ್ಚಿನ ಪಾಲು ಗ್ರಾಫೈಟಿನ ಸಣ್ಣ ಸಣ್ಣ ಪದರಗಳಾಗಿ. ಗ್ರಾಫೈಟ್ ಅಂದರೆ ಪೆನ್ಸಿಲ್ ಕಡ್ಡಿಯೊಳಗೆ ಇರೋದು. ಒದ್ದೆ ಮಣ್ಣಿನಲ್ಲಿ ಕಬ್ಬಿಣ ಕರಗಿ ಹೋಗುತ್ತೆ, ಗ್ರಾಫೈಟ್ ಕರಗಲ್ಲ. ಅದು ತುಕ್ಕಿನ ಪುಡಿಯನ್ನ ಹಿಡಿದುಕೊಂಡು ಪೈಪಿನ ಆಕಾರದಲ್ಲೇ ನಿಂತುಬಿಡುತ್ತೆ. ಸುತ್ತಳತೆ ಅದೇ, ಮೇಲ್ಮೈ ಅದೇ, ಎರಕದ ಅಚ್ಚಿನ ಗುರುತೂ ಹಾಗೇ ಇರುತ್ತೆ. ಆದರೆ ಚಾಕುವಿನಲ್ಲಿ ಕೆರೆದರೆ ಕಪ್ಪಗೆ ಮೆತ್ತಗೆ ಸಿಪ್ಪೆ ಏಳುತ್ತೆ. ಇದಕ್ಕೆ ಗ್ರಾಫೈಟೀಕರಣ ಅಂತಾರೆ. ಸಮುದ್ರದ ತಳದಿಂದ ಎತ್ತಿದ ಹಳೇ ಫಿರಂಗಿಗಳಲ್ಲೂ ಇದೇ ಆಗಿರುತ್ತೆ. ಇಂಥ ಪೈಪು ಹೆಚ್ಚು ಒತ್ತಡ ಇಲ್ಲದಿದ್ರೆ ದಶಕಗಟ್ಟಲೆ ನೀರು ಸಾಗಿಸುತ್ತೆ, ಯಾರಿಗೂ ಅನುಮಾನ ಬರಲ್ಲ. ಒಂದಿನ ಮೇಲೆ ತುಂಬಿದ ಲಾರಿ ಹೋಗುತ್ತೆ, ಇಲ್ಲಾ ಪಂಪ್ ಥಟ್ಟನೆ ನಿಂತು ನೀರು ವಾಪಸ್ ಗುದ್ದುತ್ತೆ, ಬಿಸ್ಕೆಟ್ ಥರ ಮುರಿಯುತ್ತೆ. ಪತ್ರಿಕೆಯಲ್ಲಿ "ಹಳೇ ಪೈಪ್ ಒಡೆದು ನೀರು ಪೋಲು" ಅಂತ ಸುದ್ದಿ. ಪೈಪ್ ಅವತ್ತು ಹಾಳಾಗಿದ್ದಲ್ಲ, ಅವತ್ತು ಗೊತ್ತಾಗಿದ್ದು ಅಷ್ಟೇ.

ಹಾಗಾದ್ರೆ ಲೇಪನ ಯಾಕೆ ಹಚ್ಚಲಿಲ್ಲ? ಹಚ್ಚುತ್ತಿದ್ದರು. ನಮ್ಮ ಲೋಕೋಪಯೋಗಿ ಇಲಾಖೆಯ ಎಸ್ಟಿಮೇಟು ನೋಡಿದವರಿಗೆ ಡಾಕ್ಟರ್ ಆಂಗಸ್ ಸ್ಮಿತ್ ಸಲ್ಯೂಷನ್ ಅನ್ನೋ ಪದ ಗೊತ್ತಿರುತ್ತೆ. ರಾಬರ್ಟ್ ಆಂಗಸ್ ಸ್ಮಿತ್ ಅಂತ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದ. 1840ರ ದಶಕದ ಕೊನೆಯಲ್ಲಿ, ಪೈಪನ್ನ ಬಿಸಿ ಮಾಡಿ ಕುದಿಯುವ ಕಲ್ಲಿದ್ದಲ ಟಾರಿನಲ್ಲಿ ಅದ್ದುವ ವಿಧಾನ ಕೊಟ್ಟ. ಇದೇ ಮನುಷ್ಯ ಕಾರ್ಖಾನೆ ಹೊಗೆಯಿಂದ ಮಳೆನೀರು ಹುಳಿಯಾಗೋದನ್ನ ಅಳೆದು, ಆಮ್ಲ ಮಳೆ ಅನ್ನೋ ಮಾತನ್ನೂ ಬಳಕೆಗೆ ತಂದವನು. ಎರಡೂ ಕೆಲಸದ ಹಿಂದಿನ ಯೋಚನೆ ಒಂದೇ ಅನ್ಸುತ್ತೆ ನನಗೆ, ನಿಧಾನವಾಗಿ ತಿನ್ನುವ ಶತ್ರುವನ್ನ ಅಳತೆಗೆ ಸಿಗಿಸೋದು.

ಇಪ್ಪತ್ತನೇ ಶತಮಾನದ ಶುರುವಿನವರೆಗೆ ಒಂದು ನಂಬಿಕೆ ಇತ್ತು. ಮಣ್ಣಿನಡಿ ಪೈಪ್ ಕೊಳೆಯೋಕೆ ಮುಖ್ಯ ಕಾರಣ ಟ್ರಾಮ್ ಅಂತ. ವಿದ್ಯುತ್ ಟ್ರಾಮ್‌ಗಳು ಡಿ.ಸಿ. ಕರೆಂಟಿನಲ್ಲಿ ಓಡುತ್ತಿದ್ದವು, ಹಳಿಯಿಂದ ಸೋರಿದ ಕರೆಂಟು ಮಣ್ಣಿಗಿಳಿದು ಹತ್ತಿರದ ಪೈಪ್ ಹಿಡಿದು ಹೋಗಿ, ಎಲ್ಲೋ ಒಂದು ಕಡೆ ಪೈಪ್ ಬಿಟ್ಟು ಹೊರಗೆ ಹಾರುತ್ತಿತ್ತು. ಹಾರುವ ಜಾಗದಲ್ಲಿ ಕಬ್ಬಿಣ ಕರಗುತ್ತೆ. ಎಷ್ಟು ಅಂತ ಲೆಕ್ಕ ಪಕ್ಕಾ ಇದೆ. ಒಂದು ಆಂಪಿಯರ್ ಕರೆಂಟು ಒಂದು ವರ್ಷ ಹೀಗೆ ಹೊರಗೆ ಹೋದರೆ ಸುಮಾರು 9 ಕಿಲೋ ಕಬ್ಬಿಣ ಜೊತೆಗೆ ಹೋಗುತ್ತೆ. ಇದು ಹಳೇ ಕಥೆ ಅಂದ್ಕೋಬೇಡಿ. ನಮ್ಮ ಮೆಟ್ರೋ ಓಡೋದೂ 750 ವೋಲ್ಟ್ ಡಿ.ಸಿ.ಯಲ್ಲೇ, ಬೆಂಗಳೂರಲ್ಲಿ ಹಳಿ ಪಕ್ಕ ಪೈಪ್ ಹೂಳುವವರಿಗೆ ಈ ಲೆಕ್ಕ ಇವತ್ತಿಗೂ ಬೇಕು.

ಅಮೆರಿಕದ ಸಂಸತ್ತು 1910ರಲ್ಲಿ ತನ್ನ ಮಾನಕ ಸಂಸ್ಥೆಗೆ, ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ಗೆ, ಇದನ್ನ ಪತ್ತೆ ಹಚ್ಚಿ ಅಂತ ಕೆಲಸ ಒಪ್ಪಿಸಿತು. ಅವರು ನೋಡ್ತಾ ಹೋದ ಹಾಗೆ ಟ್ರಾಮೇ ಇಲ್ಲದ ಕಡೆಯೂ ಪೈಪ್ ಕೊಳೀತಿತ್ತು. ಹಾಗಾದ್ರೆ ಮಣ್ಣೇ ತಿನ್ನುತ್ತಿದೆಯಾ? 1922ರಲ್ಲಿ ಅವರು ದೇಶದ ಬೇರೆ ಬೇರೆ ಮಣ್ಣುಗಳಲ್ಲಿ ಪೈಪಿನ ತುಂಡುಗಳನ್ನ ಹೂಳೋಕೆ ಶುರು ಮಾಡಿದರು. ಕೆಲವು ವರ್ಷ ಬಿಟ್ಟು ಒಂದಷ್ಟು ತೆಗೆದು ತೂಗೋದು, ಕುಳಿ ಅಳೆಯೋದು, ಉಳಿದದ್ದನ್ನ ಮಣ್ಣಲ್ಲೇ ಬಿಡೋದು. 36,500ಕ್ಕೂ ಹೆಚ್ಚು ತುಂಡುಗಳು, 128 ಜಾಗಗಳು, ಮೂರು ದಶಕಕ್ಕೂ ಮೀರಿದ ಕೆಲಸ. ಪೂರ್ಣ ವರದಿ ಬಂದಿದ್ದು 1957ರಲ್ಲಿ. ಭದ್ರಾವತಿಯಲ್ಲಿ ಕುಲುಮೆ ಹೊತ್ತಿಸೋಕೆ ತಯಾರಿ ನಡೀತಿದ್ದ ವರ್ಷವೇ ಅಲ್ಲಿ ಕಬ್ಬಿಣ ಹೂತು ಕಾಯೋ ಕೆಲಸ ಶುರುವಾಗಿತ್ತು.

ಅವರು ಕಂಡುಕೊಂಡದ್ದರಲ್ಲಿ ನಮಗೆ ಮುಖ್ಯವಾದದ್ದು ಒಂದು. ಸಾಮಾನ್ಯ ಕಬ್ಬಿಣ, ಉಕ್ಕುಗಳಲ್ಲಿ ಯಾವ ತಯಾರಿ ಅನ್ನೋದಕ್ಕಿಂತ ಯಾವ ಮಣ್ಣು ಅನ್ನೋದೇ ಹೆಚ್ಚು ನಿರ್ಧರಿಸುತ್ತೆ. ಈಗ ಶಿವಮೊಗ್ಗ ಜಿಲ್ಲೆಯನ್ನ ಮನಸ್ಸಿಗೆ ತಂದುಕೊಳ್ಳಿ. ಪಶ್ಚಿಮಕ್ಕೆ ತೀರ್ಥಹಳ್ಳಿ, ಹೊಸನಗರದ ಕಡೆ ಜಂಬಿಟ್ಟಿಗೆ, ಹುಳಿ ಮಣ್ಣು, ಜೋರು ಮಳೆ. ಪೂರ್ವಕ್ಕೆ ಬಂದ ಹಾಗೆ ಕೆಂಪು ಮಣ್ಣು, ಆಮೇಲೆ ಅಲ್ಲಲ್ಲಿ ಎರೆ. ಭದ್ರಾ ಅಚ್ಚುಕಟ್ಟಿನಲ್ಲಿ ವರ್ಷದ ಬಹುಭಾಗ ನೀರು ನಿಂತ ಗದ್ದೆ. ಒಂದೇ ಪೈಪ್ ಇಷ್ಟು ಬಗೆಯ ಮಣ್ಣು ದಾಟಿದರೆ ಪೈಪೇ ಒಂದು ಉದ್ದನೆ ಬ್ಯಾಟರಿ. ಗಾಳಿಯಾಡುವ ಮಣ್ಣಿನಲ್ಲಿರೋ ಭಾಗ ಕ್ಷೇಮ, ಗಾಳಿ ಇಲ್ಲದ ಜಿಗುಟು ಮಣ್ಣಿನಲ್ಲಿರೋ ಭಾಗ ಕರಗುತ್ತೆ. ಗಾಳಿ ಇಲ್ಲದ ಕಡೆ ತುಕ್ಕು ಕಡಿಮೆ ಇರಬೇಕಲ್ವಾ ಅಂತ ಯಾರಿಗಾದರೂ ಅನ್ನಿಸುತ್ತೆ. ಉಲ್ಟಾ.

ನೀರು ನಿಂತ ಮಣ್ಣಿಗೆ ಇನ್ನೊಂದು ಪಾತ್ರಧಾರಿಯೂ ಇದೆ. ನೆದರ್ಲೆಂಡ್ಸ್ ದೇಶದ ವಿಜ್ಞಾನಿಗಳಾದ ಫೋನ್ ವೋಲ್ಜೋಗನ್ ಕ್ಯೂರ್ ಮತ್ತು ಫಾನ್ ಡೆರ್ ಫ್ಲುಗ್ಟ್, 1934ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರ ದೇಶವೂ ಜೌಗು ನೆಲ, ಅಲ್ಲಿ ಬೀಡಿನ ಪೈಪ್‌ಗಳು ಗ್ರಾಫೈಟ್ ಆಗ್ತಿದ್ದವು. ಆಮ್ಲಜನಕವೇ ಇಲ್ಲದ ಆಳದಲ್ಲಿ ಹೇಗೆ ಸಾಧ್ಯ? ಸಲ್ಫೇಟನ್ನ ಉಸಿರಾಡಿ ಬದುಕೋ ಬ್ಯಾಕ್ಟೀರಿಯಾ ಇದಕ್ಕೆ ಕಾರಣ ಅಂತ ಅವರು ತೋರಿಸಿದರು. ಗದ್ದೆ ಕೆಸರು ಕಲಕಿದಾಗ ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಆ ವಾಸನೆಯ ಅನಿಲ ಮಾಡೋ ಜೀವಿಗಳೇ. ಪೈಪ್ ತಿನ್ನೋ ಸೂಕ್ಷ್ಮಜೀವಿಗಳ ಅಧ್ಯಯನ ಗಟ್ಟಿಯಾಗಿ ನೆಲೆ ನಿಂತಿದ್ದು ಅಲ್ಲಿಂದ.

ಈಗ ಉಕ್ಕಿನ ಪೈಪಿಗೆ ಬರೋಣ. ಪೆಟ್ರೋಲು, ಡೀಸೆಲ್ಲು, ಅನಿಲ ದೂರ ಸಾಗಿಸೋಕೆ ಬೀಡು ಆಗಲ್ಲ, ವೆಲ್ಡ್ ಮಾಡಿದ ಉಕ್ಕೇ ಬೇಕು. ಉಕ್ಕಿನ ಗೋಡೆ ತೆಳು, ಹಾಗಾಗಿ ಲೇಪನ ದಪ್ಪ. ಮೊದಲು ಕಲ್ಲಿದ್ದಲ ಟಾರು, ಆಮೇಲೆ ಪ್ಲಾಸ್ಟಿಕ್ ಟೇಪು, ಈಗ ಎಪಾಕ್ಸಿ ಮತ್ತು ಮೂರು ಪದರದ ಪಾಲಿಎಥಿಲೀನ್. ಆದರೆ ಲೇಪನದಲ್ಲಿ ಒಂದು ಕೆಟ್ಟ ಲೆಕ್ಕ ಅಡಗಿದೆ. ಒಂಚೂರು ನಿಧಾನವಾಗಿ ಕೇಳಿ.

ಬರೀ ಮೈಯ ಪೈಪಿನಲ್ಲಿ ಮಣ್ಣು ಹುಟ್ಟಿಸುವ ಕರೆಂಟು ದೊಡ್ಡ ಜಾಗದಲ್ಲಿ ಹಂಚಿಹೋಗುತ್ತೆ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಸವೆತ. ಲೇಪನ ಹಚ್ಚಿದ ಪೈಪಿನಲ್ಲಿ ಎಲ್ಲೋ ಒಂದು ಕಲ್ಲು ತಾಗಿ, ಜೆಸಿಬಿ ಹಲ್ಲು ತಾಗಿ, ಒಂದು ಸಣ್ಣ ಗಾಯ ಆಯ್ತು ಅಂದ್ಕೊಳಿ. ಹೊರಗೆ ಹೋಗಬೇಕಾದ ಕರೆಂಟು ಅಲ್ಲೊಂದೇ ಬಾಗಿಲಿಂದ ಹೋಗಬೇಕು. ಒಂದು ಚದರ ಸೆಂಟಿಮೀಟರ್ ಗಾಯದಿಂದ ಬರೀ ಒಂದು ಮಿಲಿಆಂಪಿಯರ್ ಹೊರಗೆ ಹೋದರೆ, ಮೇಲೆ ಹೇಳಿದ 9 ಕಿಲೋ ಲೆಕ್ಕದಲ್ಲಿ, ವರ್ಷಕ್ಕೆ 9 ಗ್ರಾಂ ಚಿಲ್ಲರೆ. ಆಳದಲ್ಲಿ ಹೇಳೋದಾದ್ರೆ 11 ಮಿಲಿಮೀಟರ್ ಮೀರುತ್ತೆ. ಎಷ್ಟೋ ಪೈಪ್‌ಲೈನ್‌ಗಳ ಗೋಡೆಯ ದಪ್ಪ ಅದಕ್ಕಿಂತ ಕಡಿಮೆ. ಅಂದ್ರೆ ನೂರಕ್ಕೆ 99.99 ಭಾಗ ಹೊಸದರಂತಿರೋ ಪೈಪು, ಒಂದು ಉಗುರಗಲದ ಜಾಗದಲ್ಲಿ ವರ್ಷದೊಳಗೆ ತೂತಾಗಬಹುದು. ಸ್ಟ್ರೇಟ್ ಲೈನ್ ಮೆಥಡ್ ಪ್ರಕಾರ ಅದರ ಬೆಲೆ ಅವತ್ತಿಗೆ ಮೂವತ್ತರಲ್ಲಿ ಒಂದು ಭಾಗ ಇಳಿದಿರುತ್ತೆ ಅಷ್ಟೇ!

ಇದಕ್ಕೆ ಮದ್ದಿನ ಬೀಜ ಸಿಕ್ಕಿದ್ದು ಹಡಗಿನಲ್ಲಿ. 1824ರಲ್ಲಿ ಸರ್ ಹಂಫ್ರಿ ಡೇವಿ ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ಹೊದಿಕೆ ಉಳಿಸೋಕೆ ಅದಕ್ಕೆ ಕಬ್ಬಿಣದ, ಸತುವಿನ ತುಂಡು ಜೋಡಿಸಿದ. ತುಂಡು ತಾನು ಕರಗಿ ತಾಮ್ರ ಉಳಿಸಿತು. ಪ್ರಯೋಗ ಗೆದ್ದಿತು, ಹಡಗು ಸೋತಿತು. ಯಾಕಂದ್ರೆ ತಾಮ್ರ ಕರಗೋದು ನಿಂತ ಮೇಲೆ ಅದರ ವಿಷವೂ ನಿಂತು, ತಳದ ತುಂಬ ಚಿಪ್ಪು ಜೀವಿ, ಪಾಚಿ ಹತ್ತಿಕೊಂಡು ಹಡಗಿನ ವೇಗ ಇಳಿಯಿತು. ನೌಕಾಪಡೆ ಐಡಿಯಾ ಕೈಬಿಟ್ಟಿತು.

ನೂರು ವರ್ಷ ಆದ ಮೇಲೆ, 1928ರಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ರಾಬರ್ಟ್ ಕೂನ್ ಅನ್ನೋ ಎಂಜಿನಿಯರ್ ಅದನ್ನೇ ಒಂದು ಗ್ಯಾಸ್ ಪೈಪ್‌ಲೈನ್‌ಗೆ ತಂದ. ಬಲಿ ಲೋಹದ ಬದಲು ರೆಕ್ಟಿಫೈಯರ್‌ನಿಂದ ಡಿ.ಸಿ. ಕರೆಂಟನ್ನ ಮಣ್ಣಿನ ಮೂಲಕ ಪೈಪಿನ ಕಡೆಗೆ ನೂಕಿದ. ಕರೆಂಟು ಪೈಪಿಂದ ಹೊರಗೆ ಹೋದರೆ ತಾನೇ ತುಕ್ಕು? ಒಳಗೇ ಬರೋ ಹಾಗೆ ಮಾಡಿಬಿಟ್ಟರೆ? ಕ್ಯಾಥೋಡಿಕ್ ಪ್ರೊಟೆಕ್ಷನ್ ಅನ್ನೋದು ಇದಕ್ಕೇ. ಸಾಕಷ್ಟು ರಕ್ಷಣೆ ಸಿಕ್ಕಿದೆ ಅಂತ ತಿಳಿಯೋದು ಹೇಗೆ ಅಂದ್ರೆ, ಪೈಪಿನ ವಿಭವ ಮೈನಸ್ 0.85 ವೋಲ್ಟ್ ಅಥವಾ ಅದಕ್ಕಿಂತ ಕೆಳಗೆ ಇರಬೇಕು ಅಂತ ಒಂದು ಅಂಕಿ ಕೊಟ್ಟ. ಆ ಅಂಕಿ ಇವತ್ತಿಗೂ ನಡೀತಿದೆ.

ಮೈನಸ್ 0.85 ಯಾವುದಕ್ಕೆ ಹೋಲಿಸಿ? ಇಲ್ಲಿ ಬರುತ್ತೆ ಮೈಲುತುತ್ತ. ಒಂದು ಕೊಳವೆ, ಅದರೊಳಗೆ ತಾಮ್ರದ ಕಡ್ಡಿ, ಸುತ್ತ ಮೈಲುತುತ್ತದ ಗಟ್ಟಿ ದ್ರಾವಣ, ತಳದಲ್ಲಿ ನೀರು ಜಿನುಗೋ ರಂಧ್ರದ ಬಿರಡೆ. ಅಷ್ಟೇ. ಎಂಜಿನಿಯರುಗಳು ಇದನ್ನ ಹಾಫ್ ಸೆಲ್ ಅಂತಾರೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ನೀಲಿ ಉಪ್ಪನ್ನ ಪರಿಚಯಿಸಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದು 1910ರ ಆಸುಪಾಸಿನಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ತೋರಿಸಿಕೊಟ್ಟಾಗಿನಿಂದ ಅದು ಪ್ರತಿ ಮಳೆಗಾಲದ ಸಾಮಾನು. ಅಡಿಕೆಯ ಕೊಳೆ ತಡೆಯೋ ಅದೇ ಉಪ್ಪು ಮಣ್ಣಿನಡಿಯ ಕೊಳೆ ಅಳೆಯೋ ಕಡ್ಡಿಯೊಳಗೂ ಇದೆ. ಪೈಪ್‌ಲೈನ್ ದಾರಿಯುದ್ದಕ್ಕೂ ಅಲ್ಲಲ್ಲಿ ಕಾಣೋ ಸಣ್ಣ ಕಂಬಗಳಲ್ಲಿ ಪೈಪಿಗೆ ಬೆಸೆದ ತಂತಿಯ ತುದಿ ಇರುತ್ತೆ. ವೋಲ್ಟ್‌ಮೀಟರಿನ ಒಂದು ವೈರು ಅದಕ್ಕೆ, ಇನ್ನೊಂದು ಒದ್ದೆ ಮಣ್ಣಿನ ಮೇಲೆ ನಿಲ್ಲಿಸಿದ ಮೈಲುತುತ್ತದ ಕೊಳವೆಗೆ. ಅಗೆಯೋದೇ ಬೇಡ, ಪೈಪ್ ಹೇಗಿದೆ ಅನ್ನೋದರ ಮೊದಲ ಸುಳಿವು ಸಿಕ್ಕಿತು.

ಮೊದಲ ಸುಳಿವು ಮಾತ್ರ. ಕಂಬದ ಬಳಿ ಚೆನ್ನಾಗಿದೆ ಅಂದ್ರೆ ಎರಡು ಕಂಬದ ನಡುವೆ ಚೆನ್ನಾಗಿದೆ ಅಂತ ಅಲ್ಲ. ಆಡಿಟ್ ಭಾಷೆಯಲ್ಲಿ ಇದು ಟೆಸ್ಟ್ ಚೆಕ್. 1940ರ ದಶಕದಲ್ಲಿ ಜಾನ್ ಪಿಯರ್ಸನ್ ಅನ್ನುವವರ ಹೆಸರಿನ ಸರ್ವೆ ಬಂತು. ನನಗೆ ಇದರ ಚಿತ್ರವೇ ಬಹಳ ಇಷ್ಟ. ಪೈಪಿಗೆ ಒಂದು ಎ.ಸಿ. ಸಿಗ್ನಲ್ ಕೊಡ್ತಾರೆ. ಇಬ್ಬರು, ನಡುವೆ ಕೆಲವು ಮೀಟರ್ ಅಂತರ ಬಿಟ್ಟು, ಬೂಟಿಗೆ ಮೊಳೆ ಹಾಕಿಕೊಂಡು, ಒಂದೇ ವೈರು ಹಿಡಿದು ಪೈಪಿನ ಮೇಲೆ ನಡೀತಾರೆ. ಒಬ್ಬನ ಕಿವಿಗೆ ಹೆಡ್‌ಫೋನ್. ಲೇಪನ ಹರಿದ ಜಾಗದಲ್ಲಿ ಸಿಗ್ನಲ್ ಮಣ್ಣಿಗೆ ಸೋರುತ್ತೆ, ಅಲ್ಲಿಗೆ ಕಾಲಿಟ್ಟಾಗ ಸದ್ದು ಜೋರಾಗುತ್ತೆ. ಕಾಲಲ್ಲಿ ಕೇಳಿಸಿಕೊಂಡು ನಡೆಯೋದು ಅನ್ನಬಹುದು. 1980ರ ದಶಕದ ಶುರುವಿಗೆ ಆಸ್ಟ್ರೇಲಿಯಾದ ಜಾನ್ ಮಲ್ವೇನಿ ಡಿ.ಸಿ.ವಿ.ಜಿ. ಅನ್ನೋ ವಿಧಾನ ತಂದರು. ಇಲ್ಲಿ ಕೈಯಲ್ಲಿ ಎರಡು ಕೋಲು, ಎರಡರ ತುದಿಗೂ ಮೈಲುತುತ್ತದ ಕೊಳವೆ. ಪೈಪಿನ ಕರೆಂಟನ್ನ ತಾಳಬದ್ಧವಾಗಿ ಆಫ್-ಆನ್ ಮಾಡ್ತಾರೆ, ಮೀಟರಿನ ಮುಳ್ಳು ಗಾಯದ ದಿಕ್ಕಿಗೆ ಹೊಯ್ದಾಡುತ್ತೆ. ಗಾಯ ದಾಟಿದ ಕೂಡಲೇ ಮುಳ್ಳು ಹಿಂದಕ್ಕೆ ತೋರಿಸುತ್ತೆ. ಲೇಪನದ ತೂತು ಇರೋ ಜಾಗವನ್ನ ಒಂದು ಮಾರಿನೊಳಗೆ ಹಿಡಿದುಬಿಡಬಹುದು.

ಇಷ್ಟಾದರೂ ಮುಗಿಯಲಿಲ್ಲ. ಕೆಲವು ಸಲ ಲೇಪನ ಹರಿಯೋದೇ ಇಲ್ಲ, ಸುಮ್ಮನೆ ಪೈಪಿನಿಂದ ಬಿಟ್ಟುಕೊಂಡು ಸಡಿಲ ಅಂಗಿ ಥರ ನಿಲ್ಲುತ್ತೆ. ಹಳೇ ಟೇಪ್ ಲೇಪನಗಳದ್ದು ಇದೇ ಕಾಟ. ಅಂಗಿಯೊಳಗೆ ನೀರು ಸೇರುತ್ತೆ, ಆದರೆ ರಕ್ಷಣೆಯ ಕರೆಂಟು ಪ್ಲಾಸ್ಟಿಕ್ ದಾಟಿ ಒಳಗೆ ಹೋಗಲ್ಲ. ಮೇಲೆ ನಿಂತು ಅಳೆದರೆ ಮೈನಸ್ 0.85 ಇದೆ, ಇನ್ನೂ ಚೆನ್ನಾಗೇ ಇದೆ. ಒಳಗೆ ಕೊಳೀತಾ ಇದೆ. ನಮ್ಮ ಕಡೆ ಇದಕ್ಕೆ ವಿಂಡೋ ಡ್ರೆಸ್ಸಿಂಗ್ ಅಂತೀವಿ. ಇಂಥದ್ದನ್ನ ಹಿಡಿಯೋಕೆ ಪೈಪಿನ ಒಳಗೇ ಯಂತ್ರ ಬಿಡಬೇಕು. 1960ರ ದಶಕದಿಂದ ಬಳಕೆಗೆ ಬಂದ ಇಂಟೆಲಿಜೆಂಟ್ ಪಿಗ್. ಬಲವಾದ ಅಯಸ್ಕಾಂತ ಹೊತ್ತು ತೈಲದ ಜೊತೆಗೇ ತೇಲಿಕೊಂಡು ಹೋಗುತ್ತೆ, ಗೋಡೆ ತೆಳುವಾದ ಕಡೆ ಕಾಂತಕ್ಷೇತ್ರ ಸೋರೋದನ್ನ ದಾಖಲಿಸುತ್ತೆ.

ಇಷ್ಟೆಲ್ಲ ಒದ್ದಾಟ ಯಾಕೆ ಅಂತ ಕೇಳಿದರೆ ಎರಡು ದಿನಾಂಕ ಹೇಳ್ತೀನಿ. 1992ರ ಏಪ್ರಿಲ್ 22, ಮೆಕ್ಸಿಕೋದ ಗ್ವಾಡಲಹಾರ. ಸತುವಿನ ಲೇಪನದ ಒಂದು ನೀರಿನ ಪೈಪನ್ನ ಪೆಟ್ರೋಲಿನ ಉಕ್ಕಿನ ಪೈಪಿಗೆ ತೀರಾ ಹತ್ತಿರ ಹಾಕಿದ್ದರು. ಎರಡರ ನಡುವೆ ಬ್ಯಾಟರಿ ಹುಟ್ಟಿ ಪೈಪ್ ತೂತಾಗಿ, ಪೆಟ್ರೋಲು ಒಳಚರಂಡಿಗೆ ಇಳಿಯಿತು. ಬೆಳಿಗ್ಗೆ ಬೀದಿಗಳೇ ಸ್ಫೋಟಗೊಂಡವು. 200ಕ್ಕೂ ಹೆಚ್ಚು ಜನ ಸತ್ತರು. ಇನ್ನೊಂದು 2014ರ ಜೂನ್ 27, ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ. ಗೇಲ್ ಕಂಪನಿಯ ಅನಿಲ ಪೈಪ್ ಬೆಳಗಿನ ಜಾವ ಸೋರಿ ಹೊತ್ತಿಕೊಂಡು ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ಅಲ್ಲಿ ತುಕ್ಕು ಹೊರಗಿನಿಂದ ಅಲ್ಲ, ಒಳಗಿನಿಂದ. ಅನಿಲದ ಜೊತೆ ಬಂದ ನೀರಿನಂಶದಿಂದ. ಹೊರಗೆ ಮೈಲುತುತ್ತದ ಕಡ್ಡಿ ಹಿಡಿದು ನಿಂತವರಿಗೆ ಅದು ಗೊತ್ತಾಗೋದೇ ಇಲ್ಲ.

ಈಗ ನನಗೆ ಕಾಡುವ ವಿಷಯಕ್ಕೆ ಬರ್ತೀನಿ. ಮಂಗಳೂರಿಂದ ಹಾಸನ ಮೇಲೆ ಬೆಂಗಳೂರಿಗೆ ಘಟ್ಟ ಹತ್ತಿ ಹೋಗುವ ಪೆಟ್ರೋಲಿಯಂ ಪೈಪ್‌ಲೈನ್ 2003ರಿಂದ ಇದೆ. ಅಂಥ ಪೈಪ್‌ಗಳಿಗೆ ದೇಶದಲ್ಲಿ ನಿಯಮ ಇದೆ, ತೈಲೋದ್ಯಮ ಸುರಕ್ಷತಾ ಮಾನಕಗಳಿವೆ, ಇಂತಿಷ್ಟು ಅವಧಿಗೆ ಅಳೆದು ಬರೆದಿಡಬೇಕು ಅಂತಿದೆ. ತಮಿಳುನಾಡಿನ ಕಾರೈಕುಡಿಯಲ್ಲಿ 1953ರಿಂದ ಕೆಲಸ ಮಾಡ್ತಿರೋ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆ ದೇಶದ ತುಕ್ಕಿನ ನಕ್ಷೆಯನ್ನೇ ಮಾಡಿದೆ. ವಿದ್ಯೆಗೆ ಕೊರತೆ ಇಲ್ಲ. ಆದರೆ ಈ ವಿದ್ಯೆ ದುಬಾರಿ ದ್ರವದ ಬೆನ್ನ ಹಿಂದೆ ಹೋಯ್ತು. ಕುಡಿಯೋ ನೀರಿನ ಪೈಪಿನ ಕಡೆ ಬರಲೇ ಇಲ್ಲ.

ತಾಂತ್ರಿಕ ಕಾರಣವೂ ಇದೆ, ಅದನ್ನ ಮುಚ್ಚಿಡಬಾರದು. ತೈಲದ ಪೈಪ್ ಉದ್ದಕ್ಕೂ ವೆಲ್ಡ್ ಆಗಿರೋದರಿಂದ ಕರೆಂಟು ಸರಾಗ ಹರಿಯುತ್ತೆ. ನೀರಿನ ಬೀಡು ಪೈಪು, ಈಗಿನ ಡಿ.ಐ. ಪೈಪು, ಐದಾರು ಮೀಟರಿಗೊಂದು ಜಾಯಿಂಟ್. ಹೊಸದರಲ್ಲಿ ರಬ್ಬರ್ ರಿಂಗ್. ಕರೆಂಟು ದಾಟಲ್ಲ. ಹಾಗಾಗಿ ಕೂನ್ ಸಾಹೇಬರ ಮದ್ದು ಇಲ್ಲಿ ನೇರವಾಗಿ ನಡೆಯಲ್ಲ. ಡಿ.ಐ. ಪೈಪಿಗೆ ಹೊರಗೆ ಸತು, ಒಳಗೆ ಸಿಮೆಂಟ್ ಗಾರೆ, ಕೆಟ್ಟ ಮಣ್ಣಿದ್ದರೆ ಪ್ಲಾಸ್ಟಿಕ್ ತೋಳು, ಇಷ್ಟೇ ಕವಚ. ಹಾಕಿದ ಮೇಲೆ ನೋಡೋ ವ್ಯವಸ್ಥೆ ಅಂದರೆ ಹಳೇ ಕಾಲದ ಕಿವಿ. ರಾತ್ರಿ ಹೊತ್ತು ಸಲಾಕೆಯ ಒಂದು ತುದಿ ವಾಲ್ವ್ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಕೊಟ್ಟರೆ ಸೋರುವ ಸದ್ದು ಕೇಳುತ್ತೆ. ಲೋಕದ ಎಲ್ಲ ಊರಿನ ನೀರಿನವರಿಗೂ ಗೊತ್ತಿರೋ ವಿದ್ಯೆ ಇದು, ಈಗ ಅದಕ್ಕೆ ಎಲೆಕ್ಟ್ರಾನಿಕ್ ಉಪಕರಣ ಬಂದಿವೆ. ಆದರೆ ಇದು ಸೋರಿದ ಮೇಲೆ ಕೇಳೋದು. ಗೋಡೆ ಅರ್ಧ ಹೋಗಿದೆ ಅಂತ ಸೋರುವ ಮುಂಚೆ ಹೇಳಲ್ಲ.

ಶಿವಮೊಗ್ಗಕ್ಕೆ ತುಂಗೆಯ ನೀರು, ಭದ್ರಾವತಿಗೆ ಭದ್ರೆಯ ನೀರು. ಎರಡಕ್ಕೂ ಬರವಿಲ್ಲ, ಆದ್ದರಿಂದ ಒಂದಿಷ್ಟು ಸೋರಿದರೆ ಏನಂತೆ ಅನ್ನೋರಿದ್ದಾರೆ. ಸೋರೋದು ಚಿಕ್ಕ ವಿಷಯ. ನೀರನ್ನ ಗಂಟೆ ಲೆಕ್ಕದಲ್ಲಿ ಬಿಟ್ಟು ನಿಲ್ಲಿಸೋ ಕಡೆಯೆಲ್ಲ, ನೀರು ನಿಂತ ಮೇಲೆ ಪೈಪಿನೊಳಗಿನ ಒತ್ತಡ ಬಿದ್ದುಹೋಗುತ್ತೆ. ಆಗ ಅದೇ ತೂತು ಹೊರಗಿನದನ್ನ ಒಳಗೆ ಎಳೆಯುತ್ತೆ. ಪಕ್ಕದಲ್ಲೇ ಯುಜಿಡಿ ಇದ್ದರೆ ಏನು ಎಳೆಯುತ್ತೆ ಅಂತ ಹೇಳಬೇಕಾಗಿಲ್ಲ. ಮಾರನೇ ದಿನ ಬೆಳಿಗ್ಗೆ ಮೊದಲ ಬಿಂದಿಗೆ ಯಾರದೋ, ಕಾಯಿಲೆ ಅವರಿಗೆ. 24 ಗಂಟೆ ನೀರು ಕೊಡಬೇಕು ಅನ್ನೋ ವಾದದಲ್ಲಿ ಅನುಕೂಲಕ್ಕಿಂತ ದೊಡ್ಡ ಕಾರಣ ಇದೇ. ಒತ್ತಡ ಸದಾ ಇದ್ದರೆ ಕೊಳೆ ಒಳಗೆ ಬರಲ್ಲ. ಹಾಗಂತ ಹಳೇ, ಗ್ರಾಫೈಟ್ ಆದ ಪೈಪಿನಲ್ಲಿ ಒತ್ತಡ ಏರಿಸಿದರೆ ಒಡೆಯುತ್ತೆ. ಯಾವ ಬೀದಿಯ ಪೈಪ್ ತಡೆಯುತ್ತೆ, ಯಾವುದು ತಡೆಯಲ್ಲ ಅಂತ ಮೊದಲೇ ಗೊತ್ತಿರಬೇಕು.

ಭದ್ರಾವತಿ ಕಾರ್ಖಾನೆ 1989ರಲ್ಲಿ ಉಕ್ಕು ಪ್ರಾಧಿಕಾರದ, ಅಂದರೆ ಸೇಲ್ ಕೈಗೆ ಹೋಯಿತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬೋ ಹೊತ್ತಿಗೆ, ಮುಚ್ಚುವ ನಿರ್ಧಾರ ಬಂತು. ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಕೆಲವು ವಿಭಾಗ ಮತ್ತೆ ಓಡಿದವು. ಆ ಕಥೆಗೆ ಬೇರೆ ಎಪಿಸೋಡೇ ಬೇಕು. ಇಲ್ಲಿ ಹೇಳಬೇಕಾದ್ದು ಇಷ್ಟು. ಎರಕ ಹೊಯ್ದವರು, ಯಾವ ಬೀಡು ಹೇಗೆ ಮುರಿಯುತ್ತೆ ಅಂತ ಕಣ್ಣಲ್ಲೇ ಹೇಳುತ್ತಿದ್ದವರು, ಆ ಊರಲ್ಲಿ ಈಗ ನಿವೃತ್ತರಾಗಿ ಮನೆಯಲ್ಲಿದ್ದಾರೆ. ಮಣ್ಣಿನಡಿ ಬೀಡಿನ ಪೈಪುಗಳೂ ಇನ್ನೂ ಮಲಗಿವೆ.

ಅಮೆರಿಕದವರ ಥರ ಮೂವತ್ತು ವರ್ಷ ತುಂಡು ಹೂತು ಕಾಯಬೇಕಾಗಿಲ್ಲ. ನಮ್ಮಲ್ಲಿ ತುಂಡುಗಳು ಆಗಲೇ ಹೂತಿವೆ. ರಸ್ತೆ ಕೆಲಸ, ಯುಜಿಡಿ ಕೆಲಸ, ಕೇಬಲ್ ಕೆಲಸ ಅಂತ ವರ್ಷವಿಡೀ ಅಗೆಯೋದು ನಡೆದೇ ಇದೆ, ಪ್ರತಿ ಗುಂಡಿಯೂ ಪುಕ್ಕಟೆ ಫಿಸಿಕಲ್ ವೆರಿಫಿಕೇಶನ್. ಹೊರಬಂದ ಹಳೇ ಪೈಪು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗೋ ಮುಂಚೆ ಒಂದು ಅಡಿ ತುಂಡು ಕತ್ತರಿಸಿ, ಯಾವ ಬೀದಿ, ಎಷ್ಟು ಆಳ, ಯಾವ ಮಣ್ಣು, ಗೋಡೆ ಎಷ್ಟು ಉಳಿದಿದೆ ಅಂತ ಬರೆದಿಟ್ಟರೆ ಹತ್ತು ವರ್ಷದಲ್ಲಿ ಊರಿನ ತುಕ್ಕಿನ ನಕ್ಷೆ ತಯಾರು. ಖರ್ಚು ಒಂದು ರಿಜಿಸ್ಟರ್ ಪುಸ್ತಕ, ಒಂದು ಅಳತೆ ಕಡ್ಡಿ. ಪಾಲಿಕೆ, ನಗರಸಭೆ, ನೀರು ಸರಬರಾಜು ಮಂಡಳಿಯಲ್ಲಿ ಈ ಕೆಲಸ ನೋಡಿಕೊಳ್ಳೋರು ಯಾರಾದರೂ ಕೇಳ್ತಿದ್ರೆ, ಇದು ನನ್ನ ಮನವಿ.

ಕೇಳುಗರಿಗೂ ಒಂದು ಕೆಲಸ. ನಿಮ್ಮ ಬೀದಿಯಲ್ಲಿ ಅಗೆದು ಬೀಡಿನ ಪೈಪ್ ಹೊರಗೆ ಹಾಕಿದ್ದರೆ, ಕೆಲಸದವರನ್ನ ಕೇಳಿಕೊಂಡು, ಒಂದು ಹಳೇ ಚಾಕುವಿನಲ್ಲಿ ಮೇಲ್ಮೈ ಕೆರೆದು ನೋಡಿ. ಚಾಕು ಜಾರಿ ಬೆಳ್ಳಗೆ ಹೊಳೆದರೆ ಅಲ್ಲಿ ಕಬ್ಬಿಣ ಇನ್ನೂ ಇದೆ. ಕಪ್ಪು ಪುಡಿ ಎದ್ದರೆ ಅದನ್ನ ಬೆರಳಲ್ಲಿ ತೆಗೆದುಕೊಂಡು ಬಿಳೀ ಕಾಗದಕ್ಕೆ ಉಜ್ಜಿ. ಪೆನ್ಸಿಲ್ ಗೀಟಿನ ಹಾಗೆ ಬಂದರೆ ಅದು ಗ್ರಾಫೈಟ್. ಫೋಟೋ ತೆಗೆದು, ಬೀದಿ ಹೆಸರು, ಮೈಮೇಲೆ ಎರಕದ ಅಚ್ಚು ಏನಾದರೂ ಇದ್ದರೆ ಅದನ್ನೂ ಬರೆದು ನಮಗೆ ಕಳಿಸಿ.